ನೀರು ನಿಲ್ಲದ ಅಂಗಳ

ಗುಲಾಬಿ ಗಿಡದ ಕೊನೆಯ ಎಲೆ ಉದುರಿದ್ದು ಬೆಳಿಗ್ಗೆ, ಮೆಷಿನಪ್ಪ ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಿದ್ದಾಗ. ಗಾಳಿ ಇರಲಿಲ್ಲ. ಹಕ್ಕಿ ಕೂತಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಎಲೆ ತಾನಾಗಿಯೇ, ಸಾಕಪ್ಪಾ ಈ ಸಂಸಾರ ಅನ್ನುವ ಹಾಗೆ, ಕಳಚಿಕೊಂಡು ಬಿಳಿ ಮಣ್ಣಿನ ಮೇಲೆ ಬಿತ್ತು. ಉಳಿದದ್ದು ಮುಳ್ಳಿರುವ ಒಂದು ಕಡ್ಡಿ.

ಅವನೊಬ್ಬನೇ ನೋಡಿದ್ದರೆ ಎಲೆಯ ಮೇಲೆ ಇಷ್ಟು ಮಣ್ಣೆಳೆದು ಸುಮ್ಮನಾಗುತ್ತಿದ್ದ. ಆದರೆ ಕೆಳಗಿನ ಮನೆಯ ಯಜಮಾನಿಯಮ್ಮ ಆಗಲೇ ಬಟ್ಟೆ ಹರವಲು ಹೊರಗೆ ಬಂದಿದ್ದರು. ಆಕೆಯ ಕಣ್ಣು ಎಂಥದ್ದೆಂದರೆ, ಬಾಡಿಗೆ ಮನೆಯ ಗೋಡೆಗೆ ಒಳಗಡೆ ಮೊಳೆ ಹೊಡೆದರೆ ಹೊರಗೆ ನಿಂತೇ ಕಾಣಿಸುತ್ತಿತ್ತು.

“ಹೋಯ್ತಾ ಅದೂ?” ಅಂದರು.

ಮೆಷಿನಪ್ಪನ ಬಾಯಿ ತುಂಬ ನೊರೆ. ಹೌದು ಎಂದು ತಲೆಯಾಡಿಸಿದ.

“ನಮ್ಮ ಮನೆಗೆ ನೀವು ಬಾಡಿಗೆಗೆ ಬಂದು ಇವತ್ತಿಗೆ ವರ್ಷ ತುಂಬಿತು, ಅವತ್ತಿನ ಕರಾರು ನೆನಪಿದೆ ತಾನೆ? ಸಂಜೆ ಬರ್ತೀನಿ. ಅಂಗಳದಲ್ಲಿ ಹಸಿರು ಕಂಡರೆ ಮುಂದಿನ ಮಾತು. ಇಲ್ಲದಿದ್ರೆ ನನ್ನ ತಮ್ಮನೂ ಮನೆ ಕೇಳ್ತಾ ಇದ್ದಾನಪ್ಪಾ.”

ಊರಿನವರ ಹೊಲಿಗೆ ಮೆಷಿನ್‌ಗಳನ್ನು ರಿಪೇರಿ ಮಾಡುವುದು ಅವನ ಕೆಲಸ, ಹೀಗಾಗಿ ಮೆಷಿನಪ್ಪ ಎಂದೇ ಹೆಸರು ನಿಂತಿತ್ತು. ಯಾವ ಮೆಷಿನ್ ಯಾಕೆ ದಾರ ಕಡಿಯುತ್ತದೆ ಎಂದು ಬೀದಿಯಲ್ಲಿ ನಿಂತು ಸದ್ದು ಕೇಳಿಯೇ ಹೇಳಬಲ್ಲ. ಗಿಡ ಯಾಕೆ ಸಾಯುತ್ತದೆ ಎಂದು ಮಾತ್ರ ಹೆಣ ಕಣ್ಣೆದುರಿಗೆ ಬಿದ್ದಿದ್ದರೂ ಗೊತ್ತಾಗುತ್ತಿರಲಿಲ್ಲ.

ಅವನ ಮನೆ ದಿಬ್ಬದ ತುದಿಯಲ್ಲಿತ್ತು. ಅದರ ಕೆಳಗೆ ಯಜಮಾನಿಯಮ್ಮನ ಮನೆ, ಅದರ ಕೆಳಗೆ ಕೆಲಸದಿಂದ ನಿವೃತ್ತರಾದ ಮೇಷ್ಟ್ರ ಮನೆ, ತೀರಾ ಬುಡದಲ್ಲಿ ಬಾವಿಯ ಪಕ್ಕ ಒಬ್ಬ ಅಜ್ಜಿಯ ಮನೆ. ನಾಲ್ಕೂ ಮನೆಗಳು ಮೆಟ್ಟಿಲ ಮೇಲೆ ಕೂತು ಒಬ್ಬರ ತಲೆಯಲ್ಲಿ ಇನ್ನೊಬ್ಬರು ಹೇನು ನೋಡುವವರ ಹಾಗೆ ಒಂದರ ಹಿಂದೆ ಒಂದು ಇದ್ದವು. ದಿಬ್ಬವೆಲ್ಲ ಸುಣ್ಣದ ಮಣ್ಣು. ಒಂದು ಹೆಂಟೆ ಎತ್ತಿಕೊಂಡರೆ ಗೋಡೆಯ ಮೇಲೆ ಬರೆಯಬಹುದಿತ್ತು. ಮೇಷ್ಟ್ರು ಬರೆಯುತ್ತಲೂ ಇದ್ದರು. ಹಾದಿಯ ಮೆಟ್ಟಿಲುಗಳ ಮೇಲೆಲ್ಲ ‘ಇಲ್ಲಿ ಉಗುಳಬಾರದು’ ಎಂದು ದುಂಡಕ್ಷರದಲ್ಲಿ ಇತ್ತು.

ಆ ಮನೆಯನ್ನು ಬಿಡುವ ಹಾಗಿರಲಿಲ್ಲ. ಮೆಷಿನಪ್ಪನ ಹೆಂಡತಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ದಿಬ್ಬದ ತುದಿಯ ಮನೆಯ ಕಿಟಕಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಬೆಳಕು ಬರುತ್ತಿತ್ತು. ಹಿಂದಿನ ಮನೆ ಗವಿಯ ಹಾಗೆ. ಅಲ್ಲಿ ಬಿಳಿ ದಾರ ಯಾವುದು, ಹಳದಿ ದಾರ ಯಾವುದು ತಿಳಿಯದೆ ಒಂದು ಶಾಲೆಯ ಮಕ್ಕಳ ಕಾಲರನ್ನೆಲ್ಲ ಹಳದಿ ದಾರದಲ್ಲಿ ಹೊಲಿದು, ಕೂತು ಎಲ್ಲವನ್ನೂ ಬಿಚ್ಚಿದ್ದಳು. ಕಣ್ಣು ಕೆಂಪಾಗಿ ತಲೆನೋವು ಬಂದು ಸೂಜಿ ಬೆರಳಿಗೆ ಇಳಿದಿತ್ತು. “ಈ ಕಿಟಕಿ ಹೋದ ದಿನ ನನ್ನ ಕಣ್ಣೂ ಹೋದ ಹಾಗೆ,” ಎಂದು ಆಕೆ ಹೇಳುತ್ತಿದ್ದದ್ದು ತಮಾಷೆಗಲ್ಲ.

ಹೀಗಾಗಿ ಮೆಷಿನಪ್ಪ ಆ ವರ್ಷವೆಲ್ಲ ಗಿಡ ನೆಟ್ಟ. ದಾಸವಾಳ ನೆಟ್ಟ, ಹಳದಿಯಾಯಿತು. ಮಲ್ಲಿಗೆ ನೆಟ್ಟ, ಹಳದಿಯಾಯಿತು. ಗುಲಾಬಿ ನೆಟ್ಟ, ಅದು ಮೊದಲು ಹಳದಿಯಾಗಿ ಆಮೇಲೆ ಕಡ್ಡಿಯಾಯಿತು. ಪ್ರತಿ ಸಲವೂ ಕೆಳಗಿನ ಮನೆಗಳವರೆಲ್ಲ ಬಂದು ಸಾವಿನ ಮನೆಗೆ ಬಂದವರ ಹಾಗೆ ಸುತ್ತ ನಿಂತು, ನೀರು ಸಾಲದು ಎಂದು ಹೇಳಿ ಹೋಗುತ್ತಿದ್ದರು. ಅವನು ಕೊಡ ಹಿಡಿದು ದಿಬ್ಬ ಇಳಿದು, ಬಾವಿಯಿಂದ ಸೇದಿ, ಮತ್ತೆ ದಿಬ್ಬ ಹತ್ತಿ ಸುರಿಯುತ್ತಿದ್ದ. ಬೆಳಿಗ್ಗೆಯೂ ಸುರಿಯುತ್ತಿದ್ದ, ಸಂಜೆಯೂ ಸುರಿಯುತ್ತಿದ್ದ. ಸುರಿದ ನೀರು ಗಿಡದ ಬುಡದಲ್ಲಿ ಒಂದು ಗಳಿಗೆಯೂ ನಿಲ್ಲದೆ, ಗುಳುಂ ಎಂದು ಸದ್ದು ಮಾಡಿ ಮಾಯವಾಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದು ಎಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಬೆಳಿಗ್ಗೆಯೂ ಅವನು ಅಭ್ಯಾಸದಂತೆ ಕೊಡಕ್ಕೆ ಕೈ ಹಾಕಿದ. ಹೆಂಡತಿ ಕಿಟಕಿಯಿಂದ ತಡೆದಳು.

“ಯಾರಿಗ್ರೀ ನೀರು? ಕಡ್ಡಿಗಾ?”

“ಮತ್ತೇನು ಮಾಡ್ಲಿ?”

ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, ಹಾದಿಯ ಕಲ್ಲುಗೋಡೆಯ ಕಡೆ ತೋರಿಸಿದಳು. ಗೋಡೆಯ ಬಿರುಕಿನಲ್ಲಿ ಒಂದು ನಿತ್ಯಪುಷ್ಪದ ಗಿಡ ಬೇಕಾದಷ್ಟು ಹೂ ಬಿಟ್ಟುಕೊಂಡು ನಿಂತಿತ್ತು. ಅದಕ್ಕೆ ಯಾರು ಕೊಡ ಹೊತ್ತಿದ್ದಾರೆ ಎಂದು ಕೇಳಿದಳು. ವರ್ಷವೆಲ್ಲ ನೀರು ಕುಡಿಯುವ ಗಿಡಗಳನ್ನೇ ತಂದು ಕೊಂದದ್ದಾಯಿತು, ಇವತ್ತಾದರೂ ಹೋಗಿ ನೀರು ಕೇಳದ ಗಿಡ ತನ್ನಿ ಎಂದಳು. ಮೆಷಿನಪ್ಪನಿಗೆ ಮೈಯೆಲ್ಲ ಹಗುರಾಯಿತು. ಇಷ್ಟು ಸುಲಭದ ಮಾತು ವರ್ಷದಿಂದ ಯಾಕೆ ಹೊಳೆಯಲಿಲ್ಲವೋ. ಕೊಡವನ್ನು ಬೋರಲು ಹಾಕಿ, ಅಂಗಿ ತೊಟ್ಟು, ಮೆಟ್ಟಿಲ ಪಕ್ಕದ ಇಳಿಜಾರಿನಲ್ಲಿ ಕೈಗಾಡಿಯೊಂದನ್ನು ತಳ್ಳಿಕೊಂಡು ಹೊರಟ.

ಆದರೆ ದಿಬ್ಬ ಇಳಿಯುವುದೆಂದರೆ ಮೂರು ಮನೆಗಳ ಬಾಗಿಲು ದಾಟುವುದು.

ಯಜಮಾನಿಯಮ್ಮ ತಮ್ಮ ಬದನೆ ಗಿಡಗಳ ನಡುವೆ ನಿಂತಿದ್ದರು. ಬದನೆಕಾಯಿಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಇವತ್ತು ನೀರು ಹೊರಲಿಲ್ಲವೇ ಎಂದು ಆಕೆ ವಿಚಾರಿಸಿದರು. ಹೊಸ ಗಿಡ ತರಲು ಹೊರಟಿದ್ದೇನೆ ಎಂದು ಅವನು ಹೇಳಿದ್ದಕ್ಕೆ, ತರುವುದಾದರೆ ಅಗಲ ಎಲೆಯದ್ದು ತಾ, ಎಲೆ ಅಗಲವಿದ್ದಷ್ಟೂ ನೀರು ಚೆನ್ನಾಗಿ ಹಿಡಿಯುತ್ತದೆ ಎಂದರು. ಅಗಲ ಎಲೆಯ ಗಿಡ ಇಲ್ಲಿ ಒಣಗುವುದಿಲ್ಲವೇ ಎಂದು ಅವನು ಕೇಳಿದ. “ಒಣಗದ ಹಾಗೆ ಹಾಕ್ತಾ ಇರಬೇಕಪ್ಪಾ,” ಎಂದು ಆಕೆ, ಮಗುವಿಗೆ ಹಾಲು ಕುಡಿಸುವುದು ಹೇಗೆಂದು ಹೇಳಿಕೊಡುವವರ ಹಾಗೆ ಹೇಳಿದರು.

ಮೇಷ್ಟ್ರು ಹುರುಳಿಕಾಯಿ ಬಳ್ಳಿಗೆ ಕೋಲು ಕಟ್ಟುತ್ತಿದ್ದರು. ಅವರು ಬಳ್ಳಿಗೆ ನೀರು ಹಾಕಿದ್ದನ್ನು ಮೆಷಿನಪ್ಪ ಯಾವತ್ತೂ ನೋಡಿರಲಿಲ್ಲ. ಆದರೂ ಕಾಯಿಗಳು ಗೊಂಚಲುಗೊಂಚಲಾಗಿ ತೂಗುತ್ತಿದ್ದವು. ಕೇಳಿದರೆ ಅವರು ತಮ್ಮ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, “ಕೈಗುಣ ಕಣಯ್ಯಾ,” ಅನ್ನುತ್ತಿದ್ದರು. ಇವತ್ತು ಅವರಿಗೆ ಯಾಕೋ ಉಪದೇಶದ ಹುರುಪು ಜಾಸ್ತಿ ಇತ್ತು. ತಾವರೆ ಹಾಕು ಎಂದರು.

“ತಾವರೆ ಕೆರೆಯಲ್ಲಲ್ವಾ ಮೇಷ್ಟ್ರೇ ಬೆಳೆಯೋದು?”

“ಒಂದು ಗುಂಡಿ ತೋಡು. ನೀರು ತುಂಬು.”

“ನಮ್ಮಲ್ಲಿ ನೀರು ನಿಲ್ಲಲ್ಲ.”

“ನಿಲ್ಲಲ್ಲ ಅಂತ ಬಿಟ್ಟರೆ ಹೇಗಯ್ಯಾ? ಇಳೀತಾ ಇದ್ದ ಹಾಗೆ ತುಂಬ್ತಾ ಇರು.”

ಮೆಷಿನಪ್ಪ ಕೈಗಾಡಿಯನ್ನು ಜೋರಾಗಿ ತಳ್ಳಿದ. ಬುಡದ ಮನೆಯ ಅಜ್ಜಿ ಪುದೀನದ ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಇವನ ಗಾಡಿಯ ಸದ್ದಿಗೆ ತಲೆಯೆತ್ತಿ, ಬೆಳಗಿನಿಂದ ಬಾವಿಗೆ ಬರಲಿಲ್ಲವಲ್ಲ ಮಗಾ, ಮೈ ಸರಿಯಿಲ್ಲವೇ, ಜ್ವರವೇ, ಹೆಂಡತಿ ಬೈದಳೇ ಎಂದು ಒಂದೇ ಉಸಿರಿಗೆ ಕೇಳಿದಳು. ಊರಲ್ಲಿ ತನ್ನ ಯೋಗಕ್ಷೇಮ ವಿಚಾರಿಸುವವಳು ಇವಳೊಬ್ಬಳಾದರೂ ಇದ್ದಾಳಲ್ಲ ಎಂದುಕೊಂಡು ಅವನು ಅಜ್ಜಿಗೆ ಕೈ ಮುಗಿದು ಮುಂದೆ ಹೋದ.

ನರ್ಸರಿಯವನು ಬೆಂಚಿನ ಮೇಲೆ ಮಲಗಿ ಮುಖಕ್ಕೆ ಪೇಪರು ಮುಚ್ಚಿಕೊಂಡಿದ್ದ. ಪೇಪರಿನ ಒಳಗಿನಿಂದಲೇ ಯಾವ ಗಿಡ ಬೇಕೆಂದು ಕೇಳಿದ.

“ಬದುಕೋ ಗಿಡ,” ಎಂದ ಮೆಷಿನಪ್ಪ.

ಎಂಥ ಮಣ್ಣು ಎಂದು ಪೇಪರು ಮತ್ತೆ ಕೇಳಿತು. ಮೆಷಿನಪ್ಪ ಚಪ್ಪಲಿಗೆ ಮೆತ್ತಿದ್ದ ಹೆಂಟೆಯೊಂದನ್ನು ಕಿತ್ತು ಕೊಟ್ಟ. ಅವನು ಎದ್ದು ಕೂತು ಅದನ್ನು ಬೆಂಚಿಗೆ ಉಜ್ಜಿ ನೋಡಿದ. ಬಿಳಿ ಗೀಟು ಬಿತ್ತು. ನೀರು ಹಾಕಿದರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದ. ಕೊಡ ಕೆಳಗಿಡುವಷ್ಟರಲ್ಲಿ ಇರುವುದಿಲ್ಲ ಎಂದು ಇವನು ಹೇಳಿದ. ಇದರಲ್ಲಿ ಏನು ನೆಟ್ಟಿದ್ದೆ ಎಂದು ಕೇಳಿ, ಗುಲಾಬಿ, ಮಲ್ಲಿಗೆ, ದಾಸವಾಳ ಎಂದು ತಿಳಿದು, ಮೀನನ್ನು ಮರದ ಮೇಲೆ ಸಾಕಿದವನನ್ನು ನೋಡುವ ಹಾಗೆ ನೋಡಿದ. ಅಂಥವಕ್ಕೆ ಸುಣ್ಣ ಹೆಚ್ಚಾದರೆ ಊಟ ಮೈಗೆ ಹತ್ತುವುದಿಲ್ಲ, ಎಲೆ ಹಳದಿಯಾಗುತ್ತದೆ, ಕೊಡಗಟ್ಟಲೆ ಸುರಿದರೂ ಅಷ್ಟೇ ಎಂದ. ಆಮೇಲೆ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

ಹಿತ್ತಲಲ್ಲಿ ಒಡೆದ ಕುಂಡಗಳ, ತುಕ್ಕು ಹಿಡಿದ ಡಬ್ಬಗಳ ಒಂದು ಸಾಲು ಬಿಸಿಲಲ್ಲಿ ಬಿದ್ದಿತ್ತು. ಕಣಗಿಲೆ, ನಿತ್ಯಪುಷ್ಪ, ಲೋಳೆಸರ, ಕಾಗದದ ಹೂವಿನ ಬಳ್ಳಿ, ಬೂದು ಬಣ್ಣದ ಸಣ್ಣ ಎಲೆಯ ಲ್ಯಾವೆಂಡರು, ಮುಟ್ಟಿದರೆ ಘಮಘಮ ಅನ್ನುವ ರೋಸ್‌ಮೆರಿ. ಒಂದರ ಮುಖದಲ್ಲೂ ಬೇಸರವಿರಲಿಲ್ಲ.

“ಈ ಸಾಲಿಗೆ ನೀರು ಹಾಕೋದನ್ನ ನಾನು ಮರೆತು ಬಹಳ ದಿನ ಆಯ್ತು,” ಎಂದ ನರ್ಸರಿಯವನು. ಅವನ ದನಿಯಲ್ಲಿ ಸ್ವಲ್ಪ ಅಸಮಾಧಾನವೂ ಇತ್ತು. “ಸಾಯ್ತಾನೇ ಇಲ್ಲ.”

ಮೆಷಿನಪ್ಪ ಆ ಸಾಲನ್ನೆಲ್ಲ ಕೈಗಾಡಿಗೆ ಏರಿಸಿದ. ಬೇರು ಹಿಡಿಯುವ ತನಕ ಆಗಾಗ ಒಂದೊಂದು ಚೊಂಬು, ಆಮೇಲೆ ನೆನಪಾದರೆ ಉಂಟು ಇಲ್ಲದಿದ್ದರೆ ಇಲ್ಲ. ದಿನಾ ಸುರಿದರೆ ಮಾತ್ರ ಬೇರು ಕೊಳೆತು ಹೋಗುತ್ತದೆ ಎಂದು ಹೇಳಿ ನರ್ಸರಿಯವನು ಪೇಪರಿನೊಳಕ್ಕೆ ಹಿಂತಿರುಗಿದ. ವರ್ಷದಿಂದ ಕೊಡ ಹೊತ್ತು ಬಾಗಿದ ಮೆಷಿನಪ್ಪನ ಬೆನ್ನು ಆ ಮಾತಿಗೆ ತಾನೇ ನೆಟ್ಟಗಾಯಿತು. ದಾರಿಯಲ್ಲಿ ಒಬ್ಬಾಕೆ ಅಡ್ಡಗಟ್ಟಿ, ನನ್ನ ಮೆಷಿನ್ ಹೊಲಿಗೆ ಬಿಡುತ್ತಿದೆ, ಒಂದು ನಿಮಿಷ ನೋಡಿ ಹೋಗು ಎಂದರೆ, ಇವತ್ತು ಸೂಜಿ ತಿರುಗಿಸಿ ಹಾಕಿ ನೋಡಿ ಅಕ್ಕಾ, ನಾಳೆ ಬರುತ್ತೇನೆ ಎಂದು ಹೇಳಿ ಶಿಳ್ಳೆ ಹಾಕುತ್ತಾ ಬಂದ. ಶಿಳ್ಳೆ ದಿಬ್ಬದ ಬುಡದವರೆಗೆ ಮಾತ್ರ ಬಂತು. ಅಲ್ಲಿಂದ ಮೇಲೆ ಕೈಗಾಡಿಯನ್ನು ನೂಕಲು ಉಸಿರೆಲ್ಲ ಬೇಕಾಯಿತು.

ಗುಂಡಿ ತೋಡುವುದು ಗಿಡ ಆರಿಸಿದಷ್ಟು ಸುಲಭವಾಗಲಿಲ್ಲ. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಬಿಳಿ ಧೂಳು ಎದ್ದು ಅವನು ಹಿಟ್ಟಿನ ಗಿರಣಿಯವನ ಹಾಗಾದ. ಎಡಮೂಲೆಯ ಗುಂಡಿ ಮುಗಿಸಿ ನೀರು ಕುಡಿದು ಬರಲು ಒಳಗೆ ಹೋದ. ಬಂದು ನೋಡಿದರೆ ಗುಂಡಿಯಲ್ಲಿ ಒಂದು ಬಾಳೆಯ ಕಂದು ನಿಂತಿತ್ತು. ಮೇಷ್ಟ್ರು ಕೈ ಕೊಡವಿಕೊಳ್ಳುತ್ತಿದ್ದರು.

“ನಿನಗೆ ಅಂತ ತಂದೆ. ತಾವರೆ ಬೇಡ ಅಂದೆಯಲ್ಲ, ಹೋಗಲಿ. ಬೆಳಿಗ್ಗೆ ಸಂಜೆ ಒಂದಷ್ಟು ಕೊಡ ಹಾಕು ಸಾಕು.”

ಹಿರಿಯರು ಕೊಟ್ಟದ್ದನ್ನು ಕೈಯಾರೆ ಕೀಳುವುದು ಹೇಗೆ? ಮೆಷಿನಪ್ಪ ಹಲ್ಲು ಕಿರಿದು, ಬಲಮೂಲೆಯಲ್ಲಿ ಇನ್ನೊಂದು ಗುಂಡಿ ತೋಡಿದ. ಕಣಗಿಲೆ ತರಲು ಗಾಡಿಯ ಕಡೆ ತಿರುಗಿದ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಯಜಮಾನಿಯಮ್ಮ ಬಂದು ಆ ಗುಂಡಿಯಲ್ಲಿ ಕೆಸುವಿನ ಗಡ್ಡೆ ಇಟ್ಟು ಮಣ್ಣೆಳೆಯುತ್ತಿದ್ದರು. ಎಲೆ ಎಷ್ಟು ಅಗಲ ಬರುತ್ತದೆ ನೋಡಪ್ಪಾ ಎಂದರು. ಅದು ಕೆಸರಿನಲ್ಲಿ ಬೆಳೆಯುವ ಗಿಡ ಎಂದು ಅವನು ಹೇಳಿದ್ದಕ್ಕೆ, ಕೆಸರು ಮಾಡುವುದು ನಿನ್ನ ಕೈಯಲ್ಲೇ ಇದೆಯಲ್ಲ ಎಂದು ಕೊಡದ ಕಡೆ ಕಣ್ಣು ಹಾಯಿಸಿದರು.

ಗುಂಡಿ ತೋಡುವವನು ಒಬ್ಬ, ತುಂಬುವವರು ಊರೆಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಅವನಿಗೆ ನೆನಪಾಯಿತು. ಇಲ್ಲಿ ಎಲ್ಲರೂ ನೀರಿಗೇ ಎಳೆಯುತ್ತಿದ್ದರು. ಕೊನೆಗೆ ಅವನು ಗುಂಡಿ ತೋಡಿದ ಕೂಡಲೇ ತಾನೇ ಅದರಲ್ಲಿ ಕಾಲಿಟ್ಟು ನಿಂತು, ಕೈ ಚಾಚಿ ಗಾಡಿಯಿಂದ ಗಿಡ ಎಳೆದುಕೊಂಡು, ಕಾಲು ತೆಗೆದ ಕ್ಷಣವೇ ಗಿಡ ಇಡುವ ಉಪಾಯ ಕಂಡುಹಿಡಿದ. ಒಂದು ಸಲ ಆತುರದಲ್ಲಿ ಕಾಲು ತೆಗೆಯುವುದನ್ನು ಮರೆತು ಮಣ್ಣು ಮುಚ್ಚಿದ. ಹೆಂಡತಿ ಕಿಟಕಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ತಾನೇ ಬಂದು ಬಾಳೆಯನ್ನೂ ಕೆಸುವನ್ನೂ ಕಿತ್ತು, “ಇವು ನಮ್ಮ ಮಣ್ಣಿನಲ್ಲಿ ಸಾಯ್ತವೆ, ಪಾಪ ತಟ್ಟುತ್ತೆ,” ಎಂದು ಎಷ್ಟು ಗೌರವದಿಂದ ಹೇಳಿ ಹಿಂದಕ್ಕೆ ಕೊಟ್ಟಳೆಂದರೆ, ಇಬ್ಬರೂ ಕೈ ಚಾಚಿ ತೆಗೆದುಕೊಂಡರು.

ಬಿಸಿಲು ಏರಿದಂತೆ ಅವರ ಓಡಾಟವೂ ಏರಿತು. ಮೇಷ್ಟ್ರು ಬಂದು, ಗಿಡ ಬಾಡಿದ ಹಾಗಿದೆ, ನಾಲ್ಕು ಕೊಡ ಹಾಕಬಾರದೇ ಎಂದರು. ಬಾಡಿಲ್ಲ ಮೇಷ್ಟ್ರೇ, ಅದರ ಬಣ್ಣವೇ ಬೂದು ಎಂದು ಅವನು ಹೇಳಿದ. ಅವರು ಹೋದ ಮೇಲೆ ಯಜಮಾನಿಯಮ್ಮ ಬಂದು ಅದನ್ನೇ ಕೇಳಿದರು. ಬಾಯಿ ಮಾತಿನಲ್ಲಿ ಕೇಳಿದ್ದು ಸಾಲದೆಂದು ಬೋರಲು ಬಿದ್ದಿದ್ದ ಕೊಡವನ್ನು ನೆಟ್ಟಗೆ ಮಾಡಿಟ್ಟು ಹೋದರು. ಮಧ್ಯಾಹ್ನ ಒಂದು ವಿಚಿತ್ರ ಕಾಣಿಸಿತು. ಯಜಮಾನಿಯಮ್ಮ ತಾವೇ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಾವಿಯಿಂದ ಹತ್ತಿ ಬರುತ್ತಿದ್ದರು. ಅರ್ಧ ದಾರಿಯಲ್ಲಿ ‘ಇಲ್ಲಿ ಉಗುಳಬಾರದು’ ಎಂಬ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಟ್ಟರು. ಮನೆಗೆ ನೆಂಟರು ಬಂದಿರಬೇಕು ಎಂದುಕೊಂಡ ಮೆಷಿನಪ್ಪ. ನೆಂಟರೆಂದರೆ ಆ ತಮ್ಮನೇ ಇರಬಹುದು ಎನಿಸಿತು. ಹಾರೆಯನ್ನು ಇನ್ನೂ ಜೋರಾಗಿ ಹಾಕಿದ.

ಬಿಸಿಲು ಇಳಿಯುವಾಗ ಅಂಗಳ ತಯಾರಾಯಿತು. ಬಾಗಿಲ ಎರಡು ಕಡೆ ಕಣಗಿಲೆ, ಗೋಡೆಗೆ ಕಾಗದದ ಹೂವಿನ ಬಳ್ಳಿ, ಹಾದಿಯ ಉದ್ದಕ್ಕೂ ನಿತ್ಯಪುಷ್ಪ, ಮೂಲೆಗಳಲ್ಲಿ ಲೋಳೆಸರ, ಕಿಟಕಿಯ ಕೆಳಗೆ ಲ್ಯಾವೆಂಡರು ಮತ್ತು ರೋಸ್‌ಮೆರಿ. ಬಿಳಿ ಮಣ್ಣಿನ ಮೇಲೆ ಆ ಹಸಿರು, ಆ ಬೂದು, ಆ ನೇರಳೆ ಎಷ್ಟು ಒಪ್ಪಿತ್ತೆಂದರೆ ದಿಬ್ಬದ ಕೆಳಗಿನ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅಂಗಳದ ನಡುವೆ ಮಾತ್ರ, ಗುಲಾಬಿ ಸತ್ತ ಜಾಗದಲ್ಲಿ, ಒಂದಿಷ್ಟು ಬರಿ ನೆಲ ಉಳಿದಿತ್ತು. ಗಾಡಿಯಲ್ಲಿ ಗಿಡ ಮುಗಿದಿತ್ತು. ಮೆಷಿನಪ್ಪ ಗಿಡಕ್ಕೊಂದರಂತೆ ಚೊಂಬು ನೀರು ಹಾಕಿ, ಮುಖ ತೊಳೆದು, ತಲೆ ಬಾಚಿಕೊಂಡು ಮೆಟ್ಟಿಲ ಮೇಲೆ ಕೂತ. ಒಳಗೆ ಹೆಂಡತಿಯ ಮೆಷಿನ್ ಮಳೆ ಹನಿಯ ಹಾಗೆ ಸದ್ದು ಮಾಡುತ್ತಿತ್ತು.

ಯಜಮಾನಿಯಮ್ಮ ಒಬ್ಬರೇ ಬರಲಿಲ್ಲ. ಹಿಂದೆ ಮೇಷ್ಟ್ರು, ಅವರ ಹಿಂದೆ ಕೋಲೂರಿಕೊಂಡು ಬುಡದ ಮನೆಯ ಅಜ್ಜಿ. ಅಜ್ಜಿ ಈ ದಿಬ್ಬ ಹತ್ತಿದ್ದನ್ನು ಅವನು ಇದೇ ಮೊದಲು ನೋಡಿದ್ದು. ತನ್ನ ತೋಟ ನೋಡಲು ಮುದುಕಿ ಇಷ್ಟು ದೂರ ಬಂದಳಲ್ಲ ಎಂದು ಎದ್ದು ಹೋಗಿ ಕೈ ಹಿಡಿದು ಕೂರಿಸಿದ.

ಮೂವರೂ ಅಂಗಳವನ್ನು ಸುತ್ತಿ ನೋಡಿದರು. ಕೊನೆಗೆ ಯಜಮಾನಿಯಮ್ಮ ಚೆನ್ನಾಗಿದೆ ಎಂದರು. ಹಾಗೆ ಹೇಳುವಾಗ ಆಕೆಯ ಮುಖ ಹಾಗಲಕಾಯಿ ಕಚ್ಚಿದಂತಿತ್ತು.

“ಇದಕ್ಕೆಲ್ಲ ದಿನಾ ಎಷ್ಟು ಕೊಡ ಬೇಕಾಗುತ್ತೆ?”

ಮೆಷಿನಪ್ಪ ಈ ಪ್ರಶ್ನೆಗೇ ಕಾಯುತ್ತಿದ್ದ. ಎದೆಯುಬ್ಬಿಸಿ, “ಒಂದೂ ಬೇಡಮ್ಮಾ,” ಎಂದ.

ಮೇಷ್ಟ್ರು ಬಾನಿನ ಕಡೆ ನೋಡಿದರು. ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. ಯಜಮಾನಿಯಮ್ಮ ನಿಟ್ಟುಸಿರು ಬಿಟ್ಟು, “ಹಾಗಾದ್ರೆ ಮನೆ ಬಿಟ್ಟುಬಿಡಪ್ಪಾ,” ಎಂದರು.

ಒಳಗೆ ಮೆಷಿನ್ ನಿಂತಿತು.

“ಅಂಗಳ ಹಸಿರಾದ್ರೆ ಮನೆ ಅಂದ್ರಿ. ಹಸಿರಾಯ್ತಲ್ಲಮ್ಮಾ,” ಎಂದ ಮೆಷಿನಪ್ಪ. ದನಿ ಅವನದೇ ಎಂದು ಅವನಿಗೇ ಗುರುತು ಸಿಗಲಿಲ್ಲ.

“ಆಯ್ತು. ಅದಕ್ಕೇ ಹೇಳ್ತಿರೋದು.”

ಮುಂದಿನದನ್ನು ಬಿಡಿಸಿ ಹೇಳುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಅವರು ಒಂದು ಹೆಂಟೆ ಎತ್ತಿಕೊಂಡು ಮೆಟ್ಟಿಲ ಮೇಲೆ ದಿಬ್ಬದ ಚಿತ್ರ ಬರೆದು, ಮೇಲಿನಿಂದ ಕೆಳಕ್ಕೆ ಒಂದು ಬಾಣ ಎಳೆದರು. ಮೆಷಿನಪ್ಪ ತುದಿಯಲ್ಲಿ ಸುರಿದ ನೀರು ಸುಣ್ಣದ ಮಣ್ಣಿನಲ್ಲಿ ನಿಲ್ಲದೆ ಇಳಿಯುತ್ತದೆ. ಇಳಿದದ್ದು ಎಲ್ಲಿಗೆ ಹೋಗಬೇಕು? ಮೊದಲು ಯಜಮಾನಿಯಮ್ಮನ ಬದನೆಗೆ, ಅಲ್ಲಿಂದ ತಮ್ಮ ಹುರುಳಿಕಾಯಿಗೆ, ಅಲ್ಲಿಂದ ಅಜ್ಜಿಯ ಪುದೀನಕ್ಕೆ. ಅನುಮಾನವಿದ್ದರೆ ಸಾಕ್ಷಿಯೂ ಉಂಟು. ಹಿಂದೊಮ್ಮೆ ಅವನ ತುಂಬಿದ ಕೊಡದಲ್ಲಿ ತಾವೇ ಬಟ್ಟೆಗೆ ಹಾಕುವ ನೀಲಿ ಕದಡಿದ್ದರು. ಮರುದಿನ ಹುರುಳಿಕಾಯಿಯ ಪಾತಿ ಆಕಾಶದ ಬಣ್ಣಕ್ಕೆ ತಿರುಗಿತ್ತು. ಪಾಠ ಮುಗಿಸಿದ ಸಂತೋಷಕ್ಕೆ ಮೇಷ್ಟ್ರು ಬಾಣದ ತುದಿಗೆ ಒಂದು ಹೂವನ್ನೂ ಬರೆದರು.

“ಕೈಗುಣ ಅಂದಿದ್ರಿ,” ಎಂದ ಮೆಷಿನಪ್ಪ.

“ಯಾರ ಕೈ ಅಂತ ನಾನು ಹೇಳಿರಲಿಲ್ಲವಲ್ಲಯ್ಯಾ.”

ಮೆಷಿನಪ್ಪನಿಗೆ ವರ್ಷವೆಲ್ಲ ಹೊತ್ತ ಕೊಡಗಳು ಒಂದೊಂದಾಗಿ ನೆತ್ತಿಯ ಮೇಲೆ ಬಿದ್ದಂತಾಯಿತು. ನಿಮ್ಮ ಗಿಡಕ್ಕೆ ನೀವೇ ನೀರು ಹಾಕಿಕೊಳ್ಳಬಾರದೇ ಎಂದು ಕೇಳಿದ. ಯಜಮಾನಿಯಮ್ಮನಿಗೆ ನಿಜವಾಗಿಯೂ ಬೇಸರವಾಯಿತು. ತಾವು ಹಾಕಿದರೆ ತಮ್ಮ ಬದನೆಗೆ ಆಗುತ್ತದೆ, ಅಲ್ಲಿಂದ ಕೆಳಗಿನವರಿಗೆ ಆಗುತ್ತದೆ, ಹೊರುವ ಕಷ್ಟ ತಮಗೊಬ್ಬರಿಗೆ. ಇದು ಯಾವ ನ್ಯಾಯ? ಇವತ್ತು ಒಂದು ಕೊಡ ಹೊತ್ತದ್ದಕ್ಕೇ ಸೊಂಟ ಹಿಡಿದಿದೆ. ಅವನಾದರೆ ಹೇಗೂ ಅಭ್ಯಾಸವಾದವನು. ಅದಕ್ಕಲ್ಲವೇ ಆಗಾಗ ಅವನ ಹೆಂಡತಿಯ ಮಡಿಲಿಗೆ ಬದನೆಕಾಯಿ ಹಾಕುತ್ತಿದ್ದದ್ದು? ತಮ್ಮನ ಬೆನ್ನು ಮೊದಲೇ ನೆಟ್ಟಗಿಲ್ಲ, ಆದರೂ ನೀರು ಹೊರುತ್ತೇನೆ ಅಂದಿದ್ದಾನೆ.

“ನನ್ನ ಬಾವಿ ಬೇರೆ ಇಳಿದು ಹೋಗಿದೆ ಮಗಾ,” ಎಂದಳು ಅಜ್ಜಿ.

“ನಾನು ಇವತ್ತು ನಿಮ್ಮ ಬಾವಿಯಿಂದ ಒಂದು ಹನಿಯೂ ತಗೊಂಡಿಲ್ಲ ಅಜ್ಜೀ.”

“ಅದನ್ನೇ ಹೇಳ್ತಿರೋದು. ನೀನು ತಗೊಂಡು ಹೋಗದಿದ್ರೆ ವಾಪಸ್ ಹೇಗೆ ಬರುತ್ತೆ?”

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಇತ್ತು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಬಟ್ಟೆ ಕಡಿಮೆ ಬಿದ್ದಾಗ ಎಲ್ಲಿ ತೇಪೆ ಹಾಕಿದರೆ ಸರಿಹೋಗುತ್ತದೆ ಎಂದು ನೋಡುವ ಹಾಗೆ ಅಂಗಳವನ್ನು ನೋಡಿದಳು. ಆಮೇಲೆ ಯಜಮಾನಿಯಮ್ಮನ ಹತ್ತಿರ ಹೋಗಿ, ನಿಮಗೆ ಬೇಕಾದದ್ದು ಗಿಡ ಕೀಳುವುದೋ, ನೀರು ಬರುವುದೋ ಎಂದು ಮೆಲ್ಲಗೆ ಕೇಳಿದಳು. ನೀರು ಎಂದರು ಅವರು. ನೆಟ್ಟ ಗಿಡವನ್ನು ದ್ವೇಷ ಮಾಡುವಷ್ಟು ಕೆಟ್ಟವಳಲ್ಲ ತಾನು ಎಂದೂ ಸೇರಿಸಿದರು.

“ಹಾಗಾದ್ರೆ ಗಿಡಗಳು ಹಾಗೇ ಇರಲಿ. ನಡುವೆ ಬರಿ ಜಾಗ ಇದೆಯಲ್ಲ, ಅಲ್ಲಿ ಸುರೀತಾರೆ. ಬೆಳಿಗ್ಗೆ ಸಂಜೆ, ಮೊದಲಿನ ಹಾಗೇ. ಈ ಮನೆ ಮಾತ್ರ ಮತ್ತೆ ನೀವು ಕೇಳಬಾರದು.”

ಮೂವರ ಮುಖವೂ ಒಂದೇ ಸಲ ಅರಳಿತು. ಇಷ್ಟು ಬುದ್ಧಿ ಇರುವ ಹೆಣ್ಣು ಈ ದಿಬ್ಬದಲ್ಲೇ ಇಲ್ಲ ಎಂದರು ಯಜಮಾನಿಯಮ್ಮ. ಎಷ್ಟು ವರ್ಷ ಬೇಕಾದರೂ ಇರಿ, ತಮ್ಮನಿಗೆ ಬೇರೆ ಮನೆ ಸಿಗದೇ ಹೋಗುತ್ತದೆಯೇ ಎಂದರು. ಮೇಷ್ಟ್ರು ಅಲ್ಲೇ ನಿಂತು ಸಾಕ್ಷಿಯಾದರು.

“ಬರಿ ನೆಲಕ್ಕೆ ನೀರು ಹಾಕಬೇಕಾ ನಾನು?” ಎಂದ ಮೆಷಿನಪ್ಪ.

“ಇಷ್ಟು ದಿನ ಇನ್ನೇನಕ್ಕೆ ಹಾಕ್ತಿದ್ರಿ?” ಎಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿ, “ಕಿಟಕಿ ಉಳೀತಲ್ರೀ,” ಎಂದಳು. ಆ ಮಾತು ಹೇಳುವಾಗ ಅವಳ ಕಣ್ಣು ನೋಡಿ ಅವನಿಗೆ ಮುಂದೆ ವಾದಿಸಲು ಮನಸ್ಸಾಗಲಿಲ್ಲ. ಅವಳು ಒಳಗೆ ಹೋಗಿ, ಉಳಿದ ಬೆಳಕಿನಲ್ಲಿ ಇನ್ನೊಂದು ಕಾಲರು ಮುಗಿಸಲು ಕೂತಳು.

ಮೆಷಿನಪ್ಪ ಕೊಡ ಎತ್ತಿಕೊಂಡು ದಿಬ್ಬ ಇಳಿದ, ಸೇದಿದ, ದಿಬ್ಬ ಹತ್ತಿದ. ಹೊಸ ಗಿಡಗಳಿಗೆ ಒಂದು ಹನಿಯೂ ತಾಗದಂತೆ ಜೋಪಾನವಾಗಿ ನಡುವಿನ ಬರಿ ನೆಲಕ್ಕೆ ಬಂದು ಕೊಡ ಬಗ್ಗಿಸಿದ.

“ಇನ್ನೊಂಚೂರು ಎಡಕ್ಕೆ ಸುರಿಯಪ್ಪಾ,” ಎಂದು ಕೆಳಗಿನ ಮನೆಯಿಂದ ಕೂಗು ಬಂತು. “ಬದನೆ ಕಡೆಗೆ ಬರ್ತಾ ಇಲ್ಲ.”

“ಎಡಕ್ಕೆ ಬೇಡ, ಬಲಕ್ಕೆ,” ಎಂದರು ಮೇಷ್ಟ್ರು ಅದರ ಕೆಳಗಿನಿಂದ. “ಬಾಣ ನೋಡಿಕೊಂಡು ಹಾಕಯ್ಯಾ.”

ಮೆಷಿನಪ್ಪ ಎಡಕ್ಕೆ ಒಂದು ಹೆಜ್ಜೆ ಇಟ್ಟ, ಬಲಕ್ಕೆ ಒಂದು ಹೆಜ್ಜೆ ಇಟ್ಟ. ಆಮೇಲೆ ಎಲ್ಲಿದ್ದನೋ ಅಲ್ಲೇ ನಿಂತು, ಇಡೀ ಕೊಡವನ್ನು ತನ್ನ ಪಾದಗಳ ಮೇಲೆ ಸುರಿದುಕೊಂಡ. ನೀರು ತಣ್ಣಗೆ ಬೆರಳ ಸಂದಿಯಲ್ಲಿ ಇಳಿದು, ಅವನ ಕಾಲಿನ ಬಿಳಿ ಧೂಳನ್ನೂ ತೊಳೆದುಕೊಂಡು, ಯಾರದೋ ಹುರುಳಿಕಾಯಿಯನ್ನು ಹುಡುಕಿಕೊಂಡು ಹೊರಟುಹೋಯಿತು.